ಟರ್ಪೆಂಟೈನ್ ಕಾಡಿನ ಕಮ್ಮಾರಸಾಲೆ

ಒಮ್ಮೆ ನಮ್ಮ ಶಾಲೆಯ ಬಾಗಿಲುಗಳಿಗೆ ಬಣ್ಣ ಬಳಿಯಲು ಬಂದಿದ್ದ ಕೆಲಸಗಾರನ ಸುತ್ತ, ಮಧ್ಯಾಹ್ನದ ಬಿಡುವಿನಲ್ಲಿ, ಐದಾರು ಮಂದಿ ಬಾಲಕರು ನೆರೆದಿದ್ದರು. ಆತನು ಡಬ್ಬಿಯಲ್ಲಿದ್ದ ಗಟ್ಟಿ ಬಣ್ಣಕ್ಕೆ ಸೀಸೆಯಿಂದ ನೀರಿನಂತಹ ದ್ರವವೊಂದನ್ನು ಸುರಿದು ಕಲಸಿದನು. ಮೂಗಿಗೆ ಅಡರುವ ವಾಸನೆ ಪಡಸಾಲೆಯ ತುಂಬ ಹರಡಿತು. "ಇದೇನು?" ಎಂದು ಒಬ್ಬ ಬಾಲಕನು ಕೇಳಲು, "ತಾರ್ಪೀನ್" ಎಂದು ಈ ಊರಿನ ರೂಢಿಯಂತೆ ಉತ್ತರ ಬಂದಿತು. "ಎಲ್ಲಿಂದ ಬರುತ್ತದೆ?" ಎಂಬ ಮರುಪ್ರಶ್ನೆಗೆ "ದುಕಾನಿನಿಂದ" ಎಂದನು. ಮಕ್ಕಳು ನಕ್ಕರು. ಆದರೆ ನಗರದಲ್ಲಿ ವಾಸಿಸುವ ನಮಗೆಲ್ಲರಿಗೂ ಎಲ್ಲವೂ ದುಕಾನಿನಿಂದಲೇ ಬರುವುದಲ್ಲವೆ? ದುಕಾನಿನ ಹಿಂದೆ ಒಂದು ಕಾರ್ಖಾನೆ, ಕಾರ್ಖಾನೆಯ ಹಿಂದೆ ಒಂದು ಕಾಡು, ಕಾಡಿನಲ್ಲಿ ಒಬ್ಬ ಮನುಷ್ಯ, ಅವನ ಕೈಯಲ್ಲಿ ಒಂದು ಹತಾರ, ಆ ಹತಾರದ ಹಿಂದೆ ಒಬ್ಬ ಕಮ್ಮಾರ, ಇಷ್ಟು ದೂರ ನಮ್ಮ ದೃಷ್ಟಿ ಹಾಯುವುದಿಲ್ಲ. ಆ ಕೊನೆಯವನಾದ ಕಮ್ಮಾರನ ಬಳಿಗೆ ವಾಚಕರನ್ನು ಕರೆದೊಯ್ಯುವುದೇ ಈ ಲೇಖನದ ಉದ್ದೇಶ.

ಟರ್ಪೆಂಟೈನ್ ಎಂಬುದು ಪೈನ್ ಜಾತಿಯ ಮರಗಳ ರಾಳದಿಂದ ತೆಗೆಯುವ ಎಣ್ಣೆ. ಇಂದು ಅದೇ ಹೆಸರಿನಿಂದ ಅಂಗಡಿಗಳಲ್ಲಿ ಮಾರುವ ಅಗ್ಗದ ಎಣ್ಣೆ ಅನೇಕ ವೇಳೆ ಖನಿಜತೈಲದಿಂದ ಮಾಡಿದುದು. ಮೂಲವಸ್ತು ಮಾತ್ರ ಮರದ್ದೇ. ಪೈನ್ ಮರದ ಮೈಗೆ ಗಾಯವಾದರೆ, ಅದನ್ನು ಮುಚ್ಚಿಕೊಳ್ಳುವುದಕ್ಕೂ ಹುಳುಗಳು ಒಳನುಗ್ಗದಂತೆ ತಡೆಯುವುದಕ್ಕೂ ಮರವು ಅಂಟಾದ ರಾಳವನ್ನು ಸುರಿಸುತ್ತದೆ. ಕೆಲವು ದಿನಗಳಲ್ಲಿ ರಾಳವು ಹೆಪ್ಪುಗಟ್ಟಿ ಗಾಯ ಮುಚ್ಚಿಹೋಗುತ್ತದೆ. ಮತ್ತೆ ರಾಳ ಬೇಕಾದರೆ ಮತ್ತೆ ಸವರಬೇಕು. ಊರಿನಿಂದ ಹೊರಗೆ ಬಸ್ಸಿನಲ್ಲಿ ಹೋಗುವಾಗ, ತೆಲಂಗಾಣದ ಹೊಲಗಳ ಬದುಗಳಲ್ಲಿ ತಾಳೆ ಮತ್ತು ಈಚಲು ಮರಗಳಿಗೆ ಮಡಕೆ ಕಟ್ಟಿರುವುದನ್ನು ನೀವು ನೋಡಿರಬಹುದು. ಕಳ್ಳು ಇಳಿಸುವವನು ತನ್ನ ಕತ್ತಿಯಿಂದ ಪ್ರತಿಸಲವೂ ತೆಳುವಾದ ಒಂದು ಪದರವನ್ನಷ್ಟೇ ಸವರುತ್ತಾನೆ. ಸುಳ್ಯ, ಪುತ್ತೂರುಗಳ ಕಡೆಯ ರಬ್ಬರ್ ತೋಟಗಳಲ್ಲಿಯೂ ಕೆಲಸಗಾರನು ತೊಗಟೆಯನ್ನು ಹೀಗೆಯೇ ಎಚ್ಚರದಿಂದ ಕೆತ್ತುತ್ತಾನೆ. ಆಳ ಕಡಿಮೆಯಾದರೆ ರಸವಿಲ್ಲ. ಹೆಚ್ಚಾದರೆ ಮರವೇ ಉಳಿಯುವುದಿಲ್ಲ. ಆದ್ದರಿಂದ ಇಂತಹ ಕಸುಬುಗಳಲ್ಲಿ ಹತಾರದ ಅಲಗು ಹೇಗಿದೆ ಎಂಬುದು ಸಣ್ಣ ಮಾತಲ್ಲ.

ಸಂಗ್ರಹಿಸಿದ ರಾಳವನ್ನು ತಾಮ್ರದ ದೊಡ್ಡ ಹಂಡೆಯಲ್ಲಿ ನೀರಿನೊಡನೆ ಕಾಯಿಸುತ್ತಿದ್ದರು. ಟರ್ಪೆಂಟೈನ್ ಒಂದನ್ನೇ ಕಾಯಿಸಿದರೆ ಅದು ೧೫೦ ಡಿಗ್ರಿ ಸೆಂಟಿಗ್ರೇಡನ್ನು ದಾಟಿದ ಮೇಲೆಯೇ ಕುದಿಯತಕ್ಕದ್ದು. ಆದರೆ ನೀರು ಜೊತೆಗಿದ್ದರೆ ೧೦೦ ಡಿಗ್ರಿಗೂ ಸ್ವಲ್ಪ ಕೆಳಗೇ ಎರಡೂ ಒಟ್ಟಾಗಿ ಆವಿಯಾಗುತ್ತವೆ. ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯನ್ನು ಆವಿಯಿಂದ ಇಳಿಸುವುದೂ ಇದೇ ತತ್ತ್ವದಿಂದ. ಆವಿಯು ತಣ್ಣೀರಿನಲ್ಲಿ ಮುಳುಗಿದ ಸುರುಳಿ ಕೊಳವೆಯಲ್ಲಿ ಹಾಯ್ದು ಮತ್ತೆ ದ್ರವವಾದಾಗ, ಹಗುರವಾದ ಟರ್ಪೆಂಟೈನ್ ನೀರಿನ ಮೇಲೆ ತೇಲುತ್ತದೆ. ರಾಳದ ಸುಮಾರು ಐದನೆಯ ಒಂದು ಪಾಲು ಹೀಗೆ ಎಣ್ಣೆಯಾಗುತ್ತದೆ. ಹಂಡೆಯಲ್ಲಿ ಉಳಿದ ರೋಸಿನ್ ಎಂಬ ಗಟ್ಟಿ ಪದಾರ್ಥವು ಸಾಬೂನಿಗೆ, ವಾರ್ನಿಷಿಗೆ, ಬರೆಯುವ ಕಾಗದದಲ್ಲಿ ಶಾಯಿ ಹರಡದಂತೆ ಮಾಡುವುದಕ್ಕೆ, ಪಿಟೀಲಿನ ಕಮಾನಿಗೆ ತಿಕ್ಕುವುದಕ್ಕೆ ಬರುತ್ತದೆ. ಹಳೆಯ ಕಾಲದ ಭಟ್ಟಿಯ ಮೇಸ್ತ್ರಿಯು ಉಷ್ಣಮಾಪಕವಿಲ್ಲದೆ, ಕೊಳವೆಯ ತುದಿಗೆ ಕಿವಿಗೊಟ್ಟು, ಒಳಗಿನ ಕುದಿತದ ಸದ್ದಿನಿಂದಲೇ ಇನ್ನೆಷ್ಟು ನೀರು ಬೇಕು, ಬೆಂಕಿಯನ್ನು ಯಾವಾಗ ಇಳಿಸಬೇಕು ಎಂಬುದನ್ನು ನಿರ್ಣಯಿಸುತ್ತಿದ್ದನು.

ಹಡಗುಗಳೆಲ್ಲ ಮರದವಾಗಿದ್ದ ಕಾಲದಲ್ಲಿ ಪೈನ್ ಮರದ ಡಾಂಬರು ಮತ್ತು ಕೀಲುಗಳಿಲ್ಲದೆ ಸಮುದ್ರಯಾನವೇ ಸಾಧ್ಯವಿರಲಿಲ್ಲ. ಹಲಗೆಗಳ ಸಂದುಗಳನ್ನು ಮುಚ್ಚುವುದಕ್ಕೂ ಹಗ್ಗಗಳು ಕೊಳೆಯದಂತೆ ಕಾಪಾಡುವುದಕ್ಕೂ ಅವು ಬೇಕಾಗಿದ್ದವು. ಆದ್ದರಿಂದ ಈ ಕಸುಬಿನ ಎಲ್ಲ ಉತ್ಪನ್ನಗಳಿಗೂ 'ನೌಕಾ ಸಾಮಗ್ರಿ' ಎಂಬ ಹೆಸರೇ ನಿಂತಿತು. ಅಮೇರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ ಆಗ ಸುಮಾರು ೯ ಕೋಟಿ ಎಕರೆಗಳಷ್ಟು ವಿಸ್ತಾರವಾಗಿ ನೀಳೆಲೆಯ ಪೈನ್ ಕಾಡು ಹಬ್ಬಿದ್ದಿತು. ಉತ್ತರ ಕೆರೋಲಿನಾ ಪ್ರಾಂತವು ಈ ವ್ಯಾಪಾರದ ತವರು. ಅಲ್ಲಿಯ ಜನರಿಗೆ 'ಹಿಮ್ಮಡಿಗೆ ಡಾಂಬರು ಮೆತ್ತಿಕೊಂಡವರು' ಎಂಬ ಅರ್ಥದ ಅಡ್ಡಹೆಸರು ಇಂದಿಗೂ ಉಳಿದಿದೆ. ಮೊದಲು ಹೀಯಾಳಿಕೆಯಾಗಿದ್ದ ಆ ಮಾತನ್ನು ಅವರು ಈಗ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಈ ಕಾಡುಗಳಲ್ಲಿ ಕೆಲಸ ನಡೆಯುತ್ತಿದ್ದ ಕ್ರಮ ಹೀಗಿತ್ತು. ಚಳಿಗಾಲದಲ್ಲಿ ಕೆಲಸಗಾರನು ಉದ್ದನೆಯ ಕಿರಿದಾದ ಅಲಗಿನ ಕೊಡಲಿಯಿಂದ ಮರದ ಬುಡದಲ್ಲಿ, ಸುಮಾರು ಒಂದು ಲೀಟರು ಹಿಡಿಯುವಷ್ಟು ಗುಣಿಯನ್ನು ಕಡಿಯುತ್ತಿದ್ದನು. ವಸಂತದಿಂದ ಶರತ್ಕಾಲದವರೆಗೆ, ಸಾಮಾನ್ಯವಾಗಿ ವಾರಕ್ಕೊಂದು ಬಾರಿ, ಗುಣಿಯ ಮೇಲಿನ ಮರದ ಮೈಯನ್ನು ಹೊಸದಾಗಿ ಸವರುತ್ತಿದ್ದರು. ಈ ಸವರುವಿಕೆಗೆ 'ಹ್ಯಾಕ್' ಎಂಬ ಹತಾರವಿತ್ತು. ಅದರ ತುದಿಯಲ್ಲಿ ಬಾಗಿದ ಉಕ್ಕಿನ ಅಲಗು. ಗಿಡ್ಡನೆಯ ಹಿಡಿಯ ಇನ್ನೊಂದು ಕೊನೆಯಲ್ಲಿ ಕಬ್ಬಿಣದ ಗುಂಡು. ಬೀಸಿದ ತೋಳಿಗೆ ಆ ಗುಂಡಿನ ತೂಕವೇ ಬಲ ಕೊಡುತ್ತಿತ್ತು. ಎಡಬಲಗಳಿಂದ ಓರೆಯಾಗಿ ಇಳಿದ ಗೆರೆಗಳು ಒಂದರ ಮೇಲೊಂದು ಸೇರಿ ಬೆಕ್ಕಿನ ಮೀಸೆಯಂತೆ ಕಾಣುತ್ತಿದ್ದುದರಿಂದ ಕೆತ್ತಿದ ಭಾಗಕ್ಕೆ 'ಬೆಕ್ಕಿನ ಮೋರೆ' ಎಂದೇ ಹೆಸರಾಯಿತು. ವರ್ಷಗಳು ಕಳೆದಂತೆ ಗಾಯವು ಮೇಲಕ್ಕೇರಿ ಕೈಗೆಟುಕದಾದಾಗ, ಉದ್ದ ಹಿಡಿಯ 'ಪುಲ್ಲರ್' ಎಂಬ ಹತಾರದಿಂದ ಎಳೆದು ಸವರುತ್ತಿದ್ದರು. ಹೆಪ್ಪುಗಟ್ಟಿದ ರಾಳವನ್ನು ಕೆರೆಯುವುದಕ್ಕೆ ಒಂದು ಕೆರೆಗಬ್ಬಿಣ. ಗುಣಿಯಿಂದ ಮೊಗೆಯುವುದಕ್ಕೆ ಒಂದು ಚಪ್ಪಟೆಯ ಸಟ್ಟುಗ. ಲೆಕ್ಕಕ್ಕಾಗಿ ಸುಮಾರು ೧೦,೦೦೦ ಮೋರೆಗಳಿಗೆ 'ಒಂದು ಬೆಳೆ' ಎನ್ನುತ್ತಿದ್ದರು. ಸಾವಿರಾರು ಮರಗಳಿಗೆ ವಾರವಾರವೂ ಅಲಗು ತಾಗಿಸಬೇಕಾದವನಿಗೆ, ಹರಿತ ಬೇಗ ಹೋಗುವ ಹತಾರವೆಂದರೆ ತೋಳಿಗೆ ಶಿಕ್ಷೆ, ಕೂಲಿಗೆ ನಷ್ಟ, ಮರಕ್ಕೆ ಒರಟಾದ ಗಾಯ.

ಇಲ್ಲಿ ನಮ್ಮ ಕಮ್ಮಾರಸಾಲೆಯ ಪ್ರವೇಶವಾಗುತ್ತದೆ. ಉತ್ತರ ಕೆರೋಲಿನಾದಲ್ಲಿ ಜಾನ್ ಪಿಕೆಟ್ ಕೌನ್ಸಿಲ್ ಎಂಬಾತನು, ಆಗ ದೊರೆಯುತ್ತಿದ್ದ ಟರ್ಪೆಂಟೈನ್ ಹತಾರಗಳಿಗಿಂತ ಉತ್ತಮವಾದುವನ್ನು ಮಾಡಬಹುದೆಂಬ ನಂಬಿಕೆಯಿಂದ, ೧೮೮೬ರಲ್ಲಿ ಹತಾರ ತಯಾರಿಕೆಯನ್ನು ಆರಂಭಿಸಿದನು. ಲೋಕಕ್ಕೆ ಬೇಕಾದ ಸರ್ವ ಹತಾರಗಳನ್ನೂ ಮಾಡುವ ಮಹತ್ತ್ವಾಕಾಂಕ್ಷೆ ಆತನದಾಗಿರಲಿಲ್ಲ. ತನ್ನ ಸುತ್ತಲಿನ ಒಂದು ಕಸುಬು, ಅದಕ್ಕೆ ಬೇಕಾದ ಕೆಲವೇ ಉಪಕರಣಗಳು, ಇಷ್ಟರಿಂದಲೇ ಕೆಲಸ ಮೊದಲಾಯಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಾರ್ಖಾನೆಯು ವ್ಯಾಕಮಾ ಸರೋವರದ ಬಳಿಯ ವನಾನಿಷ್ ಎಂಬಲ್ಲಿಗೆ ಬಂದು ನೆಲೆಸಿತು. 'ಕೌನ್ಸಿಲ್ ಟೂಲ್' ಎಂಬ ಹೆಸರಿನ ಆ ಸಂಸ್ಥೆ ಆ ಸರೋವರದ ದಡದ ಊರಿನಲ್ಲಿಯೇ, ಅದೇ ಮನೆತನದವರ ಆಡಳಿತದಲ್ಲಿ ತಲೆಮಾರುಗಳನ್ನು ದಾಟಿ ಬಂದಿದೆ.

'ಉತ್ತಮ ಹತಾರ' ಎಂಬ ಮಾತಿನ ಅರ್ಥವನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಉಕ್ಕನ್ನು ಕೆಂಪಗೆ ಕಾಯಿಸಿ ಥಟ್ಟನೆ ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಅದ್ದಿದರೆ ಅದು ಬಹಳ ಗಡಸಾಗುತ್ತದೆ; ಆದರೆ ಗಾಜಿನಂತೆ ಪೆಡಸೂ ಆಗುತ್ತದೆ. ಅಂತಹ ಅಲಗು ಮರದ ಗಂಟಿಗೆ ತಗುಲಿದರೆ ಚೂರಾಗುವುದು. ಆದ್ದರಿಂದ ಅದನ್ನು ಮತ್ತೊಮ್ಮೆ ಮಿತವಾಗಿ ಕಾಯಿಸಿ ಹದಗೊಳಿಸುತ್ತಾರೆ. ಉಜ್ಜಿ ಹೊಳಪು ಮಾಡಿದ ಉಕ್ಕನ್ನು ಕಾಯಿಸುತ್ತ ಹೋದರೆ, ಸುಮಾರು ೨೨೦ ಡಿಗ್ರಿಯಲ್ಲಿ ಹುಲ್ಲಿನಂತೆ ತಿಳಿಹಳದಿ ಬಣ್ಣವೂ, ಆಮೇಲೆ ಕಂದು, ನೇರಿಳೆ ಬಣ್ಣಗಳೂ, ೩೦೦ ಡಿಗ್ರಿಯ ಹತ್ತಿರ ನೀಲಿಯೂ ಅದರ ಮೈಮೇಲೆ ತೋರುತ್ತವೆ. ಹಳದಿಯಲ್ಲಿ ನಿಲ್ಲಿಸಿದರೆ ಗಡಸು ಹೆಚ್ಚು; ನೀಲಿಯಲ್ಲಿ ನಿಲ್ಲಿಸಿದರೆ ಬಾಗಿಯೂ ಮುರಿಯದ ಗುಣ ಹೆಚ್ಚು. ಯಾವ ಕೆಲಸಕ್ಕೆ ಯಾವ ಬಣ್ಣ ಎಂಬುದನ್ನು ಪುಸ್ತಕದಿಂದಷ್ಟೇ ಕಲಿಯಲಾಗದು. ಆ ಹತಾರವು ಯಾರ ಕೈಯಲ್ಲಿ, ಯಾವ ಮರದ ಮೇಲೆ, ದಿನಕ್ಕೆ ಎಷ್ಟು ಸಲ ಬೀಳುತ್ತದೆ ಎಂಬುದು ತಿಳಿದಿರಬೇಕು. ಒಂದೇ ಕಸುಬಿಗೆ ಹತಾರ ಮಾಡುವ ಸಣ್ಣ ತಯಾರಕನ ಬಲವಿರುವುದು ಇಲ್ಲಿಯೇ. ತನ್ನ ಗಿರಾಕಿಯ ಕಷ್ಟವು ಅವನಿಗೆ ಕಣ್ಣಳತೆಯಲ್ಲಿರುತ್ತದೆ.

ಆದರೆ ಹತಾರವು ಎಷ್ಟೇ ಒಳ್ಳೆಯದಾಗಿದ್ದರೂ, ಅದನ್ನು ಬಳಸುವ ಪದ್ಧತಿ ಕೆಟ್ಟದ್ದಾಗಿದ್ದರೆ ಫಲವೇನು? ಬುಡದಲ್ಲಿ ಗುಣಿ ಕಡಿದ ಮರವು ಬಲಗುಂದಿ ಬಿರುಗಾಳಿಗೆ ಉರುಳುತ್ತಿತ್ತು. ರಾಳ ಮೆತ್ತಿದ ಗಾಯಕ್ಕೆ ಕಾಳ್ಗಿಚ್ಚು ಸುಲಭವಾಗಿ ತಗುಲುತ್ತಿತ್ತು. ಒಂದು ಪ್ರದೇಶದ ಮರಗಳು ಮುಗಿದೊಡನೆ ಕಸುಬು ಇನ್ನೂ ದಕ್ಷಿಣಕ್ಕೆ, ಜಾರ್ಜಿಯಾ ಫ್ಲಾರಿಡಾಗಳಿಗೆ ಸರಿಯುತ್ತಿತ್ತು. ಜಾರ್ಜಿಯಾದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಹರ್ಟಿಯು ೧೯೦೧ರಿಂದ ಪ್ರಯೋಗಗಳನ್ನು ನಡೆಯಿಸಿ, ಗುಣಿಗೆ ಬದಲಾಗಿ ತಗಡಿನ ದೋಣಿಯ ಮೂಲಕ ರಾಳವನ್ನು ಮಣ್ಣಿನ ಬಟ್ಟಲಿಗೆ ಇಳಿಸುವ ಕ್ರಮವನ್ನು ೧೯೦೩ರಲ್ಲಿ ಪ್ರಕಟಿಸಿದನು. ಮರದ ಆಯುಸ್ಸು ಹೆಚ್ಚಿತು. ರಾಳವೂ ಹೆಚ್ಚು ಶುದ್ಧವಾಗಿ ದೊರೆಯಿತು. ಗುಣಿ ಕಡಿಯುವ ಕೊಡಲಿಯು ಮೂಲೆಗೆ ಸೇರಿದರೂ ಹ್ಯಾಕ್ ಮತ್ತು ಪುಲ್ಲರ್‌ಗಳು ಉಳಿದವು. ನಮ್ಮ ಹಿಮಾಲಯದ ಚೀಡ್ ಪೈನ್ ಕಾಡುಗಳಲ್ಲಿಯೂ ಇಂತಹುದೇ ಪಾಠವನ್ನು ಕಲಿಯಬೇಕಾಯಿತು. ಅಲ್ಲಿ ಬಹುಕಾಲ ಬಾಚಿಯಿಂದ ಆಳವಾಗಿ ಕೆತ್ತಿ ಬಟ್ಟಲು ಕಟ್ಟುತ್ತಿದ್ದರು. ಮರಗಳಿಗೆ ಹಾನಿಯಾಗುವುದನ್ನು ಕಂಡು, ತೊಗಟೆಯನ್ನು ತೆಳುವಾಗಿ ಹೆರೆದು ಕಿರಿದಾದ ಗೀರುಗಳನ್ನಷ್ಟೇ ಎಳೆಯುವ ಪದ್ಧತಿಯನ್ನು ಆಮೇಲೆ ಆಚರಣೆಗೆ ತಂದರು.

ಮರಕ್ಕೆ ಆದ ಗಾಯದ ಮಾತನ್ನು ಹೇಳಿ, ಮನುಷ್ಯನಿಗಾದ ಗಾಯವನ್ನು ಮರೆಯುವುದು ಧರ್ಮವಲ್ಲ. ಈ ಕಾಡುಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಕಪ್ಪು ಜನರು. ೧೮೬೫ರಲ್ಲಿ ಗುಲಾಮಗಿರಿಯು ಕಾನೂನಿನಿಂದ ರದ್ದಾದ ಮೇಲೆಯೂ ಅನೇಕ ಶಿಬಿರಗಳಲ್ಲಿ ಸಾಲದ ಸಂಕೋಲೆ ಉಳಿಯಿತು. ಶಿಬಿರದ ಅಂಗಡಿಯಲ್ಲಿ ಉದ್ದರಿ ತಂದ ಹಿಟ್ಟು ಉಪ್ಪುಗಳ ಲೆಕ್ಕ ತೀರುವವರೆಗೆ ಕೆಲಸ ಬಿಡುವಂತಿರಲಿಲ್ಲ. ಆ ಲೆಕ್ಕವೋ ತೀರುವಂತೆಯೇ ಇರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಜೀತವೆಂದರೇನೆಂಬುದನ್ನು ಹಿರಿಯರಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೆರೆಯಾಳುಗಳನ್ನು ಕೂಲಿಗಾಗಿ ಗುತ್ತಿಗೆ ಕೊಡುವ ಪದ್ಧತಿಯೂ ಫ್ಲಾರಿಡಾದಲ್ಲಿ ೧೯೨೩ರವರೆಗೆ ನಡೆದಿತ್ತು. ಅಂಗಡ ಪಡೆದವನು ದುಡಿಯದೆ ಹೋದರೆ ಶಿಕ್ಷೆ ವಿಧಿಸುವ ಅಲ್ಲಿಯ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು ೧೯೪೪ರಲ್ಲಿ ತೆಗೆದುಹಾಕಿತು. ಒಳ್ಳೆಯ ಹ್ಯಾಕ್ ಅಂತಹ ಕೂಲಿಯವನ ತೋಳಿನ ನೋವನ್ನು ಸ್ವಲ್ಪ ತಗ್ಗಿಸಿದ್ದೀತು. ಅವನ ಕಟ್ಟನ್ನು ಬಿಚ್ಚುವ ಶಕ್ತಿ ಅದಕ್ಕಿರಲಿಲ್ಲ. ಅದಕ್ಕೆ ನ್ಯಾಯವೇ ಬೇಕಾಯಿತು. ಹತಾರದ ಮಹಿಮೆಯನ್ನು ಹೊಗಳುವವರು ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾಲ ಬದಲಾಯಿತು. ಮರದ ಹಡಗುಗಳು ಹೋಗಿ ಕಬ್ಬಿಣದ ಹಡಗುಗಳು ಬಂದಿದ್ದವು. ೧೯೪೦ರ ದಶಕದಲ್ಲಿ ಗಾಯಕ್ಕೆ ಗಂಧಕಾಮ್ಲವನ್ನು ಸಿಂಪಡಿಸಿದರೆ ರಾಳವು ಹೆಚ್ಚು ದಿನ ಹರಿಯುವುದೆಂದು ಕಂಡುಕೊಂಡು, ಮರವನ್ನು ಕೆತ್ತುವುದನ್ನು ಬಿಟ್ಟು ತೊಗಟೆಯನ್ನಷ್ಟೇ ತೆಗೆಯತೊಡಗಿದರು. ಆಮೇಲೆ ಕಾಗದದ ಗಿರಣಿಗಳಲ್ಲಿ ಪೈನ್ ಮರವನ್ನು ಬೇಯಿಸುವಾಗ ಟರ್ಪೆಂಟೈನ್ ಉಪವಸ್ತುವಾಗಿ ಅಗ್ಗವಾಗಿ ದೊರೆಯತೊಡಗಿತು. ಕಾಡಿನ ಭಟ್ಟಿಗಳು ಒಂದೊಂದಾಗಿ ಆರಿದವು. ಜಾರ್ಜಿಯಾದಲ್ಲಿ ವ್ಯಾಪಾರಕ್ಕಾಗಿ ಮರದಿಂದ ರಾಳ ಇಳಿಸುವ ಕೆಲಸ ೨೦೦೧ರಲ್ಲಿ ಕೊನೆಗೊಂಡಿತು. ಆ ಹಿಂದಿನ ೯ ಕೋಟಿ ಎಕರೆಯ ನೀಳೆಲೆ ಕಾಡಿನಲ್ಲಿ, ಇಪ್ಪತ್ತನೆಯ ಶತಮಾನದ ಅಂತ್ಯಕ್ಕೆ ನೂರರಲ್ಲಿ ಮೂರು ಪಾಲಿನಷ್ಟು ಮಾತ್ರ ಉಳಿದಿದ್ದಿತು.

ಹಾಗಾದರೆ ಹ್ಯಾಕ್ ಮಾಡುತ್ತಿದ್ದ ಕಾರ್ಖಾನೆಯ ಗತಿಯೇನಾಯಿತು? ಕಸುಬಿನೊಡನೆ ಅದೂ ಮುಳುಗಬೇಕಾಗಿದ್ದಿತು, ಮುಳುಗಲಿಲ್ಲ. ಟರ್ಪೆಂಟೈನ್ ಕೆಲಸಗಾರರು ಕಿಚ್ಚಿನಿಂದ ಮರವನ್ನು ಕಾಪಾಡಲು ವರ್ಷವರ್ಷವೂ ಬುಡದ ಸುತ್ತಲಿನ ಒಣಗಿದ ಎಲೆಗಳನ್ನು ಕೆರೆದು ತೆಗೆಯುತ್ತಿದ್ದರು. ಆ ಕಾಡಿನ ಜನಕ್ಕೆ ಕಾಳ್ಗಿಚ್ಚು ಅಪರಿಚಿತ ಶತ್ರುವಲ್ಲ. ಕೌನ್ಸಿಲ್ ಕಾರ್ಖಾನೆಯು ಕಾಡಿಗೇ ಬೇಕಾದ ಬೇರೆ ಹತಾರಗಳ ಕಡೆಗೆ ತಿರುಗಿತು. ಹುಲ್ಲು ಕೊಯ್ಯುವ ಯಂತ್ರದ ತ್ರಿಕೋಣಾಕಾರದ ಹಲ್ಲುಗಳನ್ನು ನಾಲ್ಕರಂತೆ ಒಂದು ಪಟ್ಟಿಗೆ ಬಿಗಿದು ಮಾಡಿದ ಬೆಂಕಿಕುಂಟೆಗೆ ಅಲ್ಲಿ 'ಕೌನ್ಸಿಲ್ ಕುಂಟೆ' ಎಂಬ ಹೆಸರೇ ರೂಢಿಯಾಗಿದೆ. ಅದು ಒಂದೇ ಎಳೆತಕ್ಕೆ ಎಲೆಗಳನ್ನು ಸರಿಸುವುದಲ್ಲದೆ ಬೇರುಬಳ್ಳಿಗಳನ್ನೂ ಕೊಯ್ದು, ಕಿಚ್ಚು ದಾಟದಂತೆ ಬರಿಯ ನೆಲದ ಗೆರೆಯೊಂದನ್ನು ಬಿಡಿಸುತ್ತದೆ. ೧೯೧೦ರಲ್ಲಿ ಐಡಾಹೊ, ಮೊಂಟಾನಾಗಳಲ್ಲಿ ಸುಮಾರು ೩೦ ಲಕ್ಷ ಎಕರೆ ಕಾಡನ್ನು ಸುಟ್ಟ ಮಹಾಗ್ನಿಯಲ್ಲಿ, ತನ್ನ ಕೆಲಸಗಾರರನ್ನು ಗಣಿಯ ಸುರಂಗವೊಂದಕ್ಕೆ ಒಯ್ದು ಅವರಲ್ಲಿ ಬಹುಮಂದಿಯನ್ನು ಉಳಿಸಿದ ಎಡ್ ಪುಲಾಸ್ಕಿ ಎಂಬ ವನಪಾಲಕನ ಹೆಸರಿನ ಹತಾರವೊಂದಿದೆ. ಅದರ ಒಂದು ಮುಖ ಕೊಡಲಿ, ಮತ್ತೊಂದು ಮುಖ ನೆಲ ಅಗೆಯುವ ಬಾಚಿ. ಅದನ್ನೂ ಈ ಕಾರ್ಖಾನೆ ತಯಾರಿಸಿದೆ. ಕೊಡಲಿ, ಸುತ್ತಿಗೆ, ಹಾರೆಗಳೂ ಬಂದವು. ಮರವನ್ನು ಗಾಯಗೊಳಿಸುವ ಹತಾರದಿಂದ ಆರಂಭವಾದ ಸಂಸ್ಥೆಯು ಮರವನ್ನು ಬೆಂಕಿಯಿಂದ ಕಾಯುವ ಹತಾರಕ್ಕೆ ಹೆಸರಾದದ್ದು ಯೋಚಿಸಬೇಕಾದ ಸಂಗತಿ.

ಇದನ್ನು ಬರೆಯುವಾಗ ನಮ್ಮ ನೆರೆಯ ಊರೊಂದು ನೆನಪಿಗೆ ಬರುತ್ತದೆ. ನಿಜಾಮಾಬಾದಿನ ಕಡೆಯ ಕೋನಸಮುದ್ರಂ ಗ್ರಾಮದಲ್ಲಿ ಮೂಸೆಗಳಲ್ಲಿ ಕರಗಿಸಿ ತೆಗೆದ ಉಕ್ಕಿನ ಗಟ್ಟಿಗಳನ್ನು ಕೊಳ್ಳಲು ಪಾರಸೀಕ ವರ್ತಕರು ಬರುತ್ತಿದ್ದರೆಂದು, ಅದನ್ನು ಕಣ್ಣಾರೆ ಕಂಡ ಹೆನ್ರಿ ವಾಯ್ಸಿ ಎಂಬ ಆಂಗ್ಲ ವಿದ್ವಾಂಸನು ವರ್ಣಿಸಿದ್ದಾನೆ. ಜಗತ್ಪ್ರಸಿದ್ಧವಾದ ಡಮಾಸ್ಕಸ್ ಖಡ್ಗಗಳಿಗೆ ಬೇಕಾದ ಉಕ್ಕು ಇಂತಹುದು. ಆ ಕುಲುಮೆಗಳು ಇಂದು ಇಲ್ಲ. ನಮ್ಮ ಕಮ್ಮಾರರಿಗೆ ಕೌಶಲ ಕಡಿಮೆಯಾಗಿರಲಿಲ್ಲ. ಖಡ್ಗದ ಕಾಲ ಮುಗಿದು, ಹೊರಗಿನ ಅಗ್ಗದ ಉಕ್ಕು ಬಂದಾಗ, ಆ ಕೌಶಲವನ್ನು ಹೊಸ ಕೆಲಸಕ್ಕೆ ಹಚ್ಚುವ ಬಂಡವಾಳವಾಗಲಿ, ಆಸರೆಯಾಗಲಿ, ಮಾರುಕಟ್ಟೆಯಾಗಲಿ ಅವರಿಗೆ ಒದಗಲಿಲ್ಲ.

ನಾನು ಹುಟ್ಟಿದ ಹಳ್ಳಿಯ ಕಮ್ಮಾರನು ಕುಡುಗೋಲನ್ನು ರಿಪೇರಿಗೆ ಕೊಟ್ಟವರನ್ನು ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದನು: "ಜೋಳಕ್ಕೋ, ಹುಲ್ಲಿಗೋ?" ಉತ್ತರ ಕೇಳಿದ ಮೇಲೆಯೇ ಅದನ್ನು ಒಲೆಗೆ ಇಡುತ್ತಿದ್ದನು. ತಿದಿಯೊತ್ತುವ ಆಸೆಯಿಂದ ಅಲ್ಲಿ ಕುಳಿತಿರುತ್ತಿದ್ದ ನನಗೆ ಆ ಪ್ರಶ್ನೆ ವ್ಯರ್ಥವೆಂದು ತೋರುತ್ತಿತ್ತು. ಕುಡುಗೋಲು ಕುಡುಗೋಲೇ ಅಲ್ಲವೆ? ಅವನು ಓದುಬರಹ ಬಲ್ಲವನಲ್ಲ. ಆದರೆ ವನಾನಿಷಿನ ಕಾರ್ಖಾನೆಯ ಇತಿಹಾಸವೆಲ್ಲ ಅವನ ಆ ಒಂದು ಪ್ರಶ್ನೆಯಲ್ಲಿ ಅಡಗಿದೆ ಎಂದು ಈಗ ನನಗೆ ಅನ್ನಿಸುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರ ತಂದೆಯರು ಈ ನಗರದಲ್ಲಿ ಬಡಗಿಗಳು, ಕೆಲವರು ಲೇತು ನಡೆಯಿಸುವವರು, ಕೆಲವರು ಗಾರೆಯವರು. 'ತಂದೆಯ ಉದ್ಯೋಗ' ಎಂಬ ಅಂಕಣವನ್ನು ತುಂಬುವಾಗ ಸಣ್ಣ ಅಕ್ಷರದಲ್ಲಿ ಬರೆದು ಕೈ ಅಡ್ಡ ಹಿಡಿಯುವ ಬಾಲಕರನ್ನು ನಾನು ಕಂಡಿದ್ದೇನೆ. ಹಾಗೆ ಮರೆಮಾಡುವ ಕಾರಣವಿಲ್ಲ. ಇಂದು ಮನೆಗೆ ಹೋದಾಗ ತಂದೆಯ ಚೀಲದಿಂದ ಒಂದು ಉಳಿಯನ್ನೋ ಕರಣೆಯನ್ನೋ ಕೈಗೆ ತೆಗೆದುಕೊಂಡು, ಅದು ಎಲ್ಲಿ ಸವೆದಿದೆ, ಹಿಡಿಯಲ್ಲಿ ಬೆರಳಿನ ಗುರುತು ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿರಿ. ಅದು ಇನ್ನೂ ಹೇಗಿದ್ದರೆ ಕೆಲಸ ಹಗುರವಾಗುತ್ತಿತ್ತೆಂದು ಅವರನ್ನೇ ಕೇಳಿರಿ. ೧೮೮೬ರಲ್ಲಿ ಒಬ್ಬನು ತನ್ನ ಕಾಡಿನ ಜನರ ಹತಾರವನ್ನು ನೋಡಿ, ಇದಕ್ಕಿಂತ ಒಳ್ಳೆಯದನ್ನು ಮಾಡಬಹುದು ಎಂದುಕೊಂಡನು. ಆ ಯೋಚನೆ ಹುಟ್ಟುವುದಕ್ಕೆ ದೊಡ್ಡ ಕಾರ್ಖಾನೆ ಬೇಕಾಗಿಲ್ಲ. ಇಂದು ಸಂಜೆ ನಿಮ್ಮ ಮನೆಯ ಪಡಸಾಲೆಯಲ್ಲಿಯೂ ಅದು ಹುಟ್ಟಬಹುದು.